ಕುಕ್ಕರ್ ಕೂಗಲಿಲ್ಲ

ಸೋಲುವುದಾದರೆ ಎಂಪಿ ಎಲೆಕ್ಷನ್ನಿನಲ್ಲಿ ಸೋಲಬೇಕು ಸ್ವಾಮಿ. 2019ರಲ್ಲಿ ತುಮಕೂರಿನಲ್ಲಿ ದೇವೇಗೌಡರಂಥ ದೇವೇಗೌಡರೇ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಷ್ಟು ಜನರಲ್ಲಿ ಯಾರ ಮೇಲೆ ಅಂತ ಮುನಿಸಿಕೊಳ್ಳುವುದು? ಅಲೆ ಅನ್ನಬಹುದು, ಮೈತ್ರಿ ಕೈಕೊಟ್ಟಿತು ಅನ್ನಬಹುದು, ಹಾರ ಬಿಚ್ಚಿಟ್ಟು ನೆಮ್ಮದಿಯಾಗಿ ಮಲಗಬಹುದು. ಗ್ರಾಮ ಪಂಚಾಯ್ತಿಯಲ್ಲಿ ಸೋತವನಿಗೆ ಆ ಭಾಗ್ಯವೆಲ್ಲಿ! 400 ಜನಸಂಖ್ಯೆಗೆ ಒಬ್ಬ ಮೆಂಬರು. ಅದರಲ್ಲಿ ಮಕ್ಕಳನ್ನೂ, ಬೆಂಗಳೂರಿಗೆ ಹೋಗಿ ಹಬ್ಬಕ್ಕೂ ಬಾರದವರನ್ನೂ ಕಳೆದರೆ, ಉಳಿದವರೆಲ್ಲ ನನ್ನ ಮದುವೆಯಲ್ಲಿ ಉಂಡವರೇ.

2020ರ ಡಿಸೆಂಬರಿನಲ್ಲಿ ನಾನು ಬಿದ್ದದ್ದು ಹನ್ನೊಂದು ಮತಗಳಿಂದ. ಅಂದರೆ ಆರು ಜನ ಆ ಕಡೆ ಒತ್ತಿದ್ದನ್ನು ಈ ಕಡೆ ಒತ್ತಿದ್ದರೆ ನಾನೇ ಮೆಂಬರು. ಅಲ್ಲಿಂದ ಶುರುವಾಯಿತು ನೋಡಿ ಆ ಆರು ಜನರ ಹುಡುಕಾಟ. ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರ ಮುಖ ನೋಡುತ್ತೇನೆ. ನಮಸ್ಕಾರ ಜೋರಾಗಿ ಹೇಳಿದವನ ಮೇಲೆ ಅನುಮಾನ, ಹೇಳದೆ ಹೋದವನ ಮೇಲೆ ಇನ್ನೂ ಅನುಮಾನ. "ನನ್ನ ಓಟು ನಿನಗೇ ಕಣಣ್ಣ, ಬೇಕಾದರೆ ದೇವಸ್ಥಾನಕ್ಕೆ ಬಾ, ಕರ್ಪೂರ ಆರಿಸ್ತೀನಿ" ಅಂತ ಕೇಳದೆಯೇ ಹೇಳಿದವರನ್ನೆಲ್ಲ ಕೂಡಿಸಿದರೆ ನಾನು ಅವಿರೋಧ ಆಯ್ಕೆಯಾಗಬೇಕಿತ್ತು!

ಪಂಚಾಯ್ತಿ ಚುನಾವಣೆ ಪಕ್ಷರಹಿತ ಅನ್ನುತ್ತದೆ ಕಾನೂನು. ಯಾರು ಯಾವ ಪಕ್ಷ ಅನ್ನುವುದು ನಮ್ಮೂರ ಕೋಳಿಗಳಿಗೂ ಗೊತ್ತು, ಆದರೆ ಚಿಹ್ನೆ ಮಾತ್ರ ಆಯೋಗದ ಪಟ್ಟಿಯಿಂದಲೇ ಬರಬೇಕು. ನನಗೆ ಬಂದದ್ದು ಪ್ರೆಶರ್ ಕುಕ್ಕರ್. ಎದುರಾಳಿಗೆ ಆಟೋ. ಆತ ಊರಿನ ನಾಲ್ಕು ಆಟೋ ಹಿಡಿದು ಮೆರವಣಿಗೆ ಮಾಡಿದ. ಕುಕ್ಕರ್ ಹೊತ್ತುಕೊಂಡು ಮೆರವಣಿಗೆ ಹೋಗುವುದು ಹೇಗೆ? ನನ್ನ ಭಾಮೈದ ಹೋದ, ತಲೆ ಮೇಲಿಟ್ಟುಕೊಂಡು. ಅದರ ರಬ್ಬರು ಎಲ್ಲೋ ಬಿದ್ದುಹೋಗಿ ಮೂರು ದಿನ ಮನೆಯಲ್ಲಿ ಬೇಳೆ ಬೇಯಲಿಲ್ಲ. ಫಲಿತಾಂಶದ ಮಾರನೆಯ ದಿನ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಯಾಕಣ್ಣ, ಕೂಗಲಿಲ್ಲವಂತೆ?"

ಎಣಿಕೆಯ ಕತೆ ಹೇಳಲೇಬೇಕು. ಆ ಸಲ ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆ ಬ್ಯಾಲೆಟ್ ಪೇಪರು. ಮೆಷೀನಾದರೆ ಒಂದು ಗುಂಡಿ, ಒಂದು ಅಂಕಿ, ಮುಗಿಯಿತು. ಇಲ್ಲಿ ತಾಲ್ಲೂಕು ಕೇಂದ್ರದಲ್ಲಿ ಡಿಸೆಂಬರ್ 30ರಂದು ಒಂದೊಂದೇ ಚೀಟಿ ಬಿಡಿಸಿ, ನಮ್ಮ ಮುಖಕ್ಕೆ ತೋರಿಸಿ, ಆ ಕಡೆಯ ಟ್ರೇಗೆ ಹಾಕುತ್ತಾರೆ. ಅದರಲ್ಲೊಂದು ಚೀಟಿ ಬಂತು: ಕುಕ್ಕರಿನ ಮೇಲೂ ಮುದ್ರೆ, ಆಟೋ ಮೇಲೂ ಮುದ್ರೆ. ಎರಡೂ ಚೌಕದ ನಟ್ಟನಡುವೆ, ಒಂದಿಷ್ಟೂ ಇಂಕು ಚೆಲ್ಲದೆ, ರಂಗೋಲಿ ಇಟ್ಟ ಹಾಗೆ. ಮತದಾನ ಗುಪ್ತ ನಿಜ, ಆದರೆ ಅದು ನಮ್ಮ ಸೋದರತ್ತೆಯದೇ ಅಂತ ನಾನು ಈಗಲೂ ಬರೆದುಕೊಡುತ್ತೇನೆ. ಇಬ್ಬರಿಗೂ ಮಾತು ಕೊಟ್ಟಿದ್ದರು, ಇಬ್ಬರಿಗೂ ಉಳಿಸಿಕೊಂಡರು. ಅಧಿಕಾರಿ ಅದನ್ನು 'ತಿರಸ್ಕೃತ' ಅಂತ ಪಕ್ಕಕ್ಕಿಟ್ಟ. ಇಡೀ ವಾರ್ಡಿನಲ್ಲಿ ಆಡಿದಂತೆ ನಡೆದುಕೊಂಡ ಒಂದೇ ಒಂದು ಓಟು ಅದು!

ಸಮಾಧಾನ ಹೇಳುವವರಿಗೆ ಸಂತೇಮರಹಳ್ಳಿ ಬಾಯಿಪಾಠ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. "ಅವರಿಗೆ ಹೋಲಿಸಿದರೆ ನಿಮ್ಮದು ಭಾರೀ ಅಂತರ ಬಿಡಿ" ಅನ್ನುತ್ತಾರೆ. ಇದು ಸಮಾಧಾನವೋ ಗಾಯಕ್ಕೆ ಉಪ್ಪೋ? ಇನ್ನು ಕೆಲವರು, ಠೇವಣಿ ಉಳಿಯಿತಲ್ಲ ಅನ್ನುತ್ತಾರೆ. ಠೇವಣಿ 200 ರೂಪಾಯಿ ಮಾರಾಯರೇ! ಬಾಡೂಟಕ್ಕೆ ತಂದ ಈರುಳ್ಳಿಗೇ ಅದಕ್ಕಿಂತ ಜಾಸ್ತಿಯಾಗಿತ್ತು.

ಗೆದ್ದವನ ಸುಖವನ್ನೂ ನೋಡಿದ್ದೇನೆ. ಬೀದಿದೀಪ ಕೆಟ್ಟರೆ ರಾತ್ರಿ ಹತ್ತಕ್ಕೆ ಫೋನು, ನೀರು ಬಿಡದಿದ್ದರೆ ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿತ. ನಮ್ಮ ಬೀದಿಯ ಚರಂಡಿ ತುಂಬಿದಾಗ ನಾನೂ ಹೋಗಿ ಬಡಿದೆ, ಸ್ವಲ್ಪ ಜೋರಾಗಿಯೇ.

ಮುಂದಿನ ಸಲ ನೋಡೋಣ ಅಂತ ಮೊನ್ನೆ ಊಟದ ಹೊತ್ತಿನಲ್ಲಿ ಪಿಸುಗುಟ್ಟಿದೆ. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು, ಸರದಿ ನಮ್ಮ ವಾರ್ಡಿಗೂ ಬರಬಹುದು ಅನ್ನುವುದು ನನ್ನವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಸಾರು ಬಡಿಸುತ್ತಲೇ ಹೇಳಿದಳು: "ಹಾಗೆ ಬಂದರೆ ನಾನೇ ನಿಲ್ತೀನಿ ಕಣ್ರೀ. ಓಟು ಕೇಳೋಕೆ ಮಾತ್ರ ನೀವು ಬರಬೇಡಿ."