ಕಡಲಿಗೆ ಹೋದ ಮಾಷ್ಟ್ರು

ನಾರಾವಿಯಲ್ಲಿ ಸೂರ್ಯನಿಗೆ ಕೊರತೆಯಿಲ್ಲ. ಸೂರ್ಯನಾರಾಯಣ ದೇವಸ್ಥಾನವೇ ಇರುವ ಊರದು. ಆದರೂ ಅಲ್ಲಿಯ ನಿವೃತ್ತ ಗಣಿತದ ಮಾಷ್ಟ್ರೊಬ್ಬರು ತಿಂಗಳಿಗೆ ಎರಡು ಸಲ, ಮಧ್ಯಾಹ್ನ ಉಂಡ ಕೈ ಒಣಗುವ ಮೊದಲೇ, ಸೂರ್ಯನನ್ನು ನೋಡಲಿಕ್ಕೆಂದು ಸುಮಾರು ಅರುವತ್ತು ಕಿಲೋಮೀಟರ್ ದೂರದ ಕಾಪುವಿಗೆ ಕಾರು ಹೊರಡಿಸುತ್ತಾರೆ. ಊರಿನ ಸೂರ್ಯನಲ್ಲಿ ಐಬಿದೆ ಎನ್ನುವುದು ಅವರ ವಾದ. ಬೆಳಿಗ್ಗೆ ಕುದುರೆಮುಖದ ಸಾಲು ಹತ್ತಿ ಬರುವಷ್ಟರಲ್ಲಿ ಅವನಿಗೆ ತಡವಾಗಿರುತ್ತದೆ. ಸಂಜೆ ಅಡಿಕೆ ತೋಟದ ಹಿಂದೆ ಯಾರಿಗೂ ಹೇಳದೆ ಜಾರಿಕೊಳ್ಳುತ್ತಾನೆ. ಮುಳುಗುವವನು ನೀರಿನಲ್ಲಿ ಮುಳುಗಬೇಕು, ತೋಟದಲ್ಲಿ ಮುಳುಗಿದರೆ ಎಂತ ಲೆಕ್ಕ?

ಹೋಗುವುದು ನೋಡಲಿಕ್ಕೆ ಮಾತ್ರವಲ್ಲ, ಫೋಟೋ ಹಿಡಿಯಲಿಕ್ಕೆ. ಅದೂ ಕ್ಲಿಕ್ ಅಂದ ಕೂಡಲೇ ಮುಗಿಯುವ ಫೋಟೋ ಅಲ್ಲ. ಕ್ಯಾಮರಾದ ಕಣ್ಣು ತೆರೆದು ಅರ್ಧ ನಿಮಿಷ, ಒಮ್ಮೊಮ್ಮೆ ನಾಲ್ಕು ನಿಮಿಷ ಹಾಗೆಯೇ ಬಿಡುವುದು. ಅಷ್ಟು ಹೊತ್ತಿನಲ್ಲಿ ಬಂದು ಹೋದ ಅಲೆಗಳೆಲ್ಲ ಒಂದರ ಮೇಲೊಂದು ಕೂತು ಕಡಲು ಹಾಲಿನ ಹಾಗೆ ನುಣ್ಣಗಾಗುತ್ತದೆ, ಬಂಡೆ ಮಾತ್ರ ಬಂಡೆಯಾಗಿಯೇ ಉಳಿಯುತ್ತದೆ. ಲಾಂಗ್ ಎಕ್ಸ್‌ಪೋಶರ್ ಎಂದು ಅದಕ್ಕೆ ಹೆಸರು. ಮಾಷ್ಟ್ರ ಮನೆಯಲ್ಲಿ ಅದರ ಹೆಸರು ‘ಇವರ ಅದು’.

ತಿಂಗಳಿಗೆ ಎರಡೇ ಸಲ ಯಾಕೆ ಅಂದರೆ, ಅದರಲ್ಲಿ ಪಂಚಾಂಗದ ಸಂಗತಿ ಉಂಟು. ಕಡಲ ಫೋಟೋಕ್ಕೆ ಸೂರ್ಯಾಸ್ತವೂ ಬೇಕು, ಭರತವೂ ಬೇಕು. ಇಳಿತದಲ್ಲಿ ಹೋದರೆ ಬಂಡೆಗಳ ಬುಡ ಬತ್ತಲಾಗಿ, ಪಾಚಿ, ಚಿಪ್ಪು, ಯಾರೋ ಬಿಸಾಡಿದ ಲೇಸಿನ ತೊಟ್ಟೆ ಎಲ್ಲ ಕಾಣುತ್ತದೆ. ಭರತದಲ್ಲಿ ನೀರು ಬಂಡೆಯ ಸೊಂಟದವರೆಗೆ ಬಂದು, ಹಿಂದೆ ಸರಿಯುವಾಗ ಬಿಳಿ ಗೆರೆಗಳನ್ನು ಎಳೆದು ಹೋಗುತ್ತದೆ. ಆ ಗೆರೆಗಾಗಿಯೇ ಈ ವ್ರತ. ಆದರೆ ಭರತ ದಿನಾ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ, ಸೂರ್ಯ ಮಾತ್ರ ತನ್ನ ಹೊತ್ತಿಗೇ ಮುಳುಗುತ್ತಾನೆ. ಇಬ್ಬರ ಜಾತಕ ಕೂಡಿಬರಬೇಕು.

ಹುಣ್ಣಿಮೆ ಅಮಾವಾಸ್ಯೆಯಲ್ಲಿ ದೊಡ್ಡ ಭರತ ಎಂದು ಕೇಳಿಕೊಂಡಿದ್ದ ಮಾಷ್ಟ್ರು ಮೊದಮೊದಲು ಹುಣ್ಣಿಮೆಗೇ ಹೋದರು. ಹೋಗಿ ನೋಡಿದರೆ ಕಡಲು ಇಳಿದು ಕೂತಿತ್ತು. ಎರಡು ಸಲ ಹೀಗಾದ ಮೇಲೆ ಕಾಗದ ಪೆನ್ಸಿಲು ಹಿಡಿದು ಕೂತರು. ಈ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಭರತ ಬರುವುದು ಬೆಳಿಗ್ಗೆ ಹತ್ತು ಹನ್ನೊಂದರ ಸುಮಾರಿಗೆ, ಮತ್ತೆ ರಾತ್ರಿ ಊಟವಾದ ಮೇಲೆ. ದಿನಕ್ಕೆ ಐವತ್ತು ನಿಮಿಷದಂತೆ ಸರಿಯುತ್ತ ಅದು ಸೂರ್ಯಾಸ್ತದ ಹೊತ್ತಿಗೆ ಬಂದು ಮುಟ್ಟುವಾಗ ಅಷ್ಟಮಿ ಕಳೆದು ನವಮಿಯೋ ದಶಮಿಯೋ ಆಗಿರುತ್ತದೆ. ಲೆಕ್ಕ ಸಿಕ್ಕಿದ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ನೀರನ್ನು ಜಗ್ಗುತ್ತಾರೆ. ಅಷ್ಟಮಿಯ ಆಚೀಚೆ ಎತ್ತು ಏರಿಗೆ, ಕೋಣ ನೀರಿಗೆ. ಹಾಗಾಗಿ ಮಾಷ್ಟ್ರಿಗೆ ಬೇಕಾದ ಹೊತ್ತಿಗೆ ಬರುವ ಭರತವೇ ತಿಂಗಳಿನ ಅತಿ ಬಡ ಭರತ. ದೊಡ್ಡದೆಂದರೂ ಇಲ್ಲಿ ಒಂದೂವರೆ ಮೀಟರಿನ ಏರಿಳಿತ, ಗುಜರಾತಿನ ಭಾವನಗರದ ಹಾಗೆ ಹತ್ತು ಮೀಟರ್ ಅಲ್ಲ. ಆ ಒಂದೂವರೆಯಲ್ಲೂ ನವಮಿಗೆ ಅರ್ಧಂಬರ್ಧ.

ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ನವಮಿಗೆಲ್ಲ ಕೆಂಪು ವೃತ್ತ ಬಿದ್ದಾಗ ಮನೆಯಾಕೆ, ಗಂಡ ಇಳಿವಯಸ್ಸಿನಲ್ಲಿ ಉಪವಾಸ ಹಿಡಿದರು ಎಂದೇ ತಿಳಿದು ಆ ದಿನ ಅಕ್ಕಿ ಕಡಿಮೆ ಹಾಕಿದರು.

ಸಾಮಾನಿನ ಕತೆ ಬೇರೆ. ಬೆಳಕಿರುವಾಗ ಕ್ಯಾಮರಾದ ಕಣ್ಣನ್ನು ಅಷ್ಟು ಹೊತ್ತು ತೆರೆದಿಟ್ಟರೆ ಫೋಟೋ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೆ ಲೆನ್ಸಿನ ಎದುರು ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕಬೇಕು. ಹತ್ತು ಸ್ಟಾಪಿನದ್ದಾದರೆ ಬೆಳಕನ್ನು ಅರ್ಧ ಮಾಡಿ, ಅರ್ಧದ ಅರ್ಧ ಮಾಡಿ, ಹೀಗೆ ಹತ್ತು ಸಲ ಮಾಡಿ 1024ರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಆಗುವ ಕೆಲಸಕ್ಕೆ ಅರ್ಧ ನಿಮಿಷ ಬೇಕಾಗುತ್ತದೆ. ಸರಕಾರಿ ಕಚೇರಿಗೆ ತಿರುಗಿದವರಿಗೆ ಈ ತತ್ವ ಹೊಸತಲ್ಲ. ಗಾಜಿನ ಕ್ರಯ ಕೇಳಿದ ಮಾಷ್ಟ್ರು ಮಾತ್ರ ಮನೆಯ ಅಟ್ಟ ಹತ್ತಿದರು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣವಾಗಿ ಕಂಡ ಸೂರ್ಯಗ್ರಹಣ ನೋಡಲಿಕ್ಕೆ ತಂದಿದ್ದ ಹದಿನಾಲ್ಕು ನಂಬರಿನ ವೆಲ್ಡಿಂಗ್ ಗಾಜು ಅಲ್ಲಿತ್ತು. ಲೆಕ್ಕ ಹಾಕಿದರು. ಆ ಗಾಜು ಒಳಗೆ ಬಿಡುವುದು ಸುಮಾರು 3.7 ಲಕ್ಷದಲ್ಲಿ ಒಂದು ಪಾಲು ಬೆಳಕು. ಸೆಕೆಂಡಿನ ಮೂವತ್ತನೇ ಒಂದು ಭಾಗ ಹೋಗಿ ಮೂರು ಗಂಟೆ ಇಪ್ಪತ್ತೈದು ನಿಮಿಷ ಆಗುತ್ತದೆ. ಅಷ್ಟರಲ್ಲಿ ಸೂರ್ಯ ಮುಳುಗಿ, ಭರತ ಅರ್ಧ ಇಳಿದು, ಮನೆಯಲ್ಲಿ ಅನ್ನ ಆರಿರುತ್ತದೆ.

ಮೂಡುಬಿದಿರೆಯ ವೆಲ್ಡಿಂಗ್ ಅಂಗಡಿಯವನೊಬ್ಬ ಹತ್ತು ನಂಬರಿನ ಗಾಜು ಕೊಟ್ಟ. ಅದರಲ್ಲಿ ನಾಲ್ಕು ನಿಮಿಷ. ರಬ್ಬರ್ ಬ್ಯಾಂಡ್ ಹಾಕಿ ಲೆನ್ಸಿಗೆ ಕಟ್ಟಿ ಹಿಡಿದ ಮೊದಲ ಫೋಟೋ ಕಂಪ್ಯೂಟರಿನಲ್ಲಿ ತೆರೆದಾಗ ಅರಬ್ಬೀ ಸಮುದ್ರ ಬಸಳೆ ಪದಾರ್ಥದ ಬಣ್ಣದಲ್ಲಿತ್ತು. ವೆಲ್ಡಿಂಗ್ ಗಾಜಿನ ಗುಣವೇ ಹಾಗೆ, ಹಸಿರು. ಕಪ್ಪುಬಿಳುಪು ಮಾಡಿ ಮರ್ಯಾದೆ ಉಳಿಸಿಕೊಂಡರು. ಇನ್ನೊಂದು ಸಂಗತಿ ಅವರ ಗಣಿತಕ್ಕೂ ಹೊಳೆದಿರಲಿಲ್ಲ. ಸೂರ್ಯನ ಬಿಂಬ ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲಿಕ್ಕೆ ಹಿಡಿಯುವುದು ಎರಡು ನಿಮಿಷ ಚಿಲ್ಲರೆ. ನಾಲ್ಕು ನಿಮಿಷ ಕಣ್ಣು ತೆರೆದು ಕೂತ ಕ್ಯಾಮರಾಕ್ಕೆ ಅವನು ದುಂಡಗೆ ಕಾಣುವುದು ಹೇಗೆ? ದಿಗಂತದ ಮೇಲೆ ನೆಟ್ಟಗೆ ನಿಲ್ಲಿಸಿದ ಮುಳ್ಳುಸೌತೆಯ ಹಾಗೆ ಬಂದಿದ್ದ. ಅಂದಿನಿಂದ ಮಾಷ್ಟ್ರು ಸೂರ್ಯ ಮುಳುಗಿದ ಮೇಲಿನ ಕೆಂಪನ್ನೇ ಹಿಡಿಯುವುದು. ಸೂರ್ಯನಿಗಾಗಿ ಅಷ್ಟು ದೂರ ಹೋಗಿ ಅವನು ಹೋಗಲಿ ಎಂದು ಕಾಯುವುದು.

ದಾರಿ ನಾರಾವಿಯಿಂದ ಹೊಸ್ಮಾರು, ಬಜಗೋಳಿ, ಕಾರ್ಕಳ, ಬೆಳ್ಮಣ್, ಪಡುಬಿದ್ರಿ, ಅಲ್ಲಿಂದ ಹೆದ್ದಾರಿ ಹಿಡಿದು ಕಾಪು. ಹಿಂದೆ ವೇಣೂರಿನಲ್ಲಿ 1604ರಿಂದ ನಿಂತಿರುವ ಮೂವತ್ತೈದು ಅಡಿಯ ಗೊಮ್ಮಟ, ಮುಂದೆ ಕಾರ್ಕಳದಲ್ಲಿ 1432ರಿಂದ ನಿಂತಿರುವ ನಲವತ್ತೆರಡು ಅಡಿಯ ಗೊಮ್ಮಟ. ಸೀಮೆಯಲ್ಲಿ ಲಾಂಗ್ ಎಕ್ಸ್‌ಪೋಶರಿಗೆ ಸರಿಯಾಗಿ ನಿಲ್ಲುವವರು ಇವರಿಬ್ಬರೇ ಎಂದು ಮಾಷ್ಟ್ರು ಕಾರಿನಲ್ಲಿ ಜೊತೆಗಿದ್ದವರಿಗೆಲ್ಲ ಹೇಳುತ್ತಾರೆ. ಜೊತೆಗೆ ಯಾರೂ ಎರಡನೇ ಸಲ ಹೋದದ್ದಿಲ್ಲ.

ಕಾಪುವಿನಲ್ಲಿ 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ ಉಂಟು, ಇಪ್ಪತ್ತೇಳು ಮೀಟರ್ ಎತ್ತರ. ಭಾನುವಾರ ಸಂಜೆ ಅಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ. ಅಂಥ ಒಂದು ಭಾನುವಾರ ಹಿಡಿದ ನಾಲ್ಕು ನಿಮಿಷದ ಫೋಟೋದಲ್ಲಿ ಜನವೇ ಇರಲಿಲ್ಲ. ಓಡಿದ ಮಕ್ಕಳು, ಸೀರೆ ಎತ್ತಿ ನೀರಿಗಿಳಿದ ಹೆಂಗಸರು, ಸೆಲ್ಫಿಯವರು, ನಾಯಿ, ಎಲ್ಲ ಮಾಯ. ಮೂಲೆಯಲ್ಲಿ ಒಬ್ಬನೇ ಒಬ್ಬ ಸ್ಪಷ್ಟವಾಗಿ ಉಳಿದಿದ್ದ: ಮರಳಿನಲ್ಲಿ ಕೂತು ಮೊಬೈಲು ನೋಡುತ್ತಿದ್ದವನು. 1838ರಲ್ಲಿ ಡಾಗೇರ್ ಎಂಬವನು ಪ್ಯಾರಿಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ಹಿಡಿದಾಗಲೂ ಹೀಗೇ ಆಗಿತ್ತು. ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತಿದ್ದವನು ಉಳಿದುಕೊಂಡ. ಫೋಟೋದಲ್ಲಿ ಸಿಕ್ಕಿದ ಮೊದಲ ಮನುಷ್ಯರಲ್ಲಿ ಅವನ ಹೆಸರು ಹೇಳುತ್ತಾರೆ. ಹೆಸರು ಯಾರಿಗೂ ಗೊತ್ತಿಲ್ಲ, ಬೂಟು ಮಾತ್ರ ಗೊತ್ತು.

ಮಾಷ್ಟ್ರ ಕತೆಯಲ್ಲೂ ಪಾದರಕ್ಷೆಯೇ ಬರುತ್ತದೆ.

ಒಂದು ಕಾರ್ತಿಕದ ನವಮಿ. ಆಕಾಶದಲ್ಲಿ ಹಿಂಜಿದ ಹತ್ತಿಯ ಹಾಗೆ ಮೋಡ, ಅಂಚಿನಲ್ಲಿ ಕೆಂಪು. ಟ್ರೈಪಾಡಿನ ಮೂರು ಕಾಲನ್ನೂ ಮಾಷ್ಟ್ರು ಒದ್ದೆ ಮರಳಿಗೆ ಗೂಟ ಹೊಡೆದ ಹಾಗೆ ತಿರುಗಿಸಿ ಇಳಿಸಿದ್ದರು. ಮೇಲುಮೇಲಿಂದ ಇಟ್ಟರೆ ಹಿಂದೆ ಸರಿಯುವ ನೀರು ಕಾಲಿನ ಬುಡದ ಮರಳನ್ನು ಸುತ್ತಲೂ ಕೊರೆದುಕೊಂಡು ಹೋಗುತ್ತದೆ. ಕೂದಲೆಳೆಯಷ್ಟು ಕುಸಿದರೂ ದೀಪಸ್ತಂಭ ಎರಡಾಗಿ ಕಾಣುತ್ತದೆ. ಹೆಗಲ ಬೈರಾಸಿನಿಂದ ಗಾಜಿನ ಮೇಲಿನ ಉಪ್ಪುಹನಿ ಒರೆಸಿ, ಉಸಿರು ಹಿಡಿದು ರಿಮೋಟು ಒತ್ತಿದರು. ಕೈಗಡಿಯಾರ ನೋಡಿದರು. ಎರಡು ನಿಮಿಷ ಹತ್ತು ಸೆಕೆಂಡು ಆಗುವಾಗ ಬಡ ಭರತದ ಒಂದು ಶ್ರೀಮಂತ ಅಲೆ ಬಂತು. ಮೊಣಕಾಲು ದಾಟಿ ಹಿಂದಕ್ಕೆ ಹೋಗಿ, ಒಣ ಜಾಗ ಎಂದು ನಂಬಿ ಕಳಚಿಟ್ಟಿದ್ದ ಅವರ ಚಪ್ಪಲಿಗಳನ್ನು ಕರೆದುಕೊಂಡು ಬಂತು. ಒಂದರ ಪಕ್ಕ ಒಂದು, ಕಂಬಳದ ಕೋಣಗಳ ಹಾಗೆ, ಅವು ಕ್ಯಾಮರಾದ ಎದುರಿನಿಂದಲೇ ಹಾದುಹೋದವು. ಕೈಚಾಚಿದರೆ ಸಿಗುತ್ತಿತ್ತು. ಆದರೆ ಹೆಜ್ಜೆ ಎತ್ತಿದರೆ ಮರಳು ಅಲುಗುತ್ತದೆ, ಮರಳು ಅಲುಗಿದರೆ ಟ್ರೈಪಾಡು. ಇನ್ನೂ ಒಂದು ನಿಮಿಷ ಐವತ್ತು ಸೆಕೆಂಡು ಬಾಕಿ.

ಮಾಷ್ಟ್ರು ಅಲುಗಲಿಲ್ಲ. ದಡದಲ್ಲಿ ಕೈರಂಪಣಿ ಬಲೆ ಮಡಚುತ್ತಿದ್ದ ಹಿರಿಯರೊಬ್ಬರು “ಮಾರಾಯ್ರೆ, ಚಪ್ಪಲ್ ಹೋಯ್ತು! ಚಪ್ಪಲ್!” ಎಂದು ಕೂಗಿದರು. ಮಾಷ್ಟ್ರು ಬೆರಳೆತ್ತಿ ‘ಒಂದು ನಿಮಿಷ’ ಎಂದು ಸನ್ನೆ ಮಾಡಿದರು. ಚಪ್ಪಲಿಗಳು ಆ ಒಂದು ನಿಮಿಷ ಕಾಯಲಿಲ್ಲ.

ಕ್ಯಾಮರಾ ನಾಲ್ಕು ನಿಮಿಷ ಮುಗಿಸಿ ಕಣ್ಣು ಮುಚ್ಚಿ, ಇನ್ನೂ ನಾಲ್ಕು ನಿಮಿಷ ಸುಮ್ಮನೆ ಕೂತಿತು. ಉದ್ದದ ಎಕ್ಸ್‌ಪೋಶರಿನಲ್ಲಿ ಹುಟ್ಟುವ ಚುಕ್ಕಿಗಳನ್ನು ಕಳೆಯಲಿಕ್ಕೆ ಅದು ಅಷ್ಟೇ ಹೊತ್ತಿನ ಒಂದು ಕಪ್ಪು ಫೋಟೋವನ್ನು ತನಗೆ ತಾನೇ ಹಿಡಿದುಕೊಂಡು ತಾಳೆ ನೋಡುತ್ತದೆ. ಕೊನೆಗೆ ಪರದೆಯ ಮೇಲೆ ಚಿತ್ರ ಬಂತು. ಕಡಲು, ಬಂಡೆ, ದೀಪಸ್ತಂಭ, ಕೆಂಪು. ಚಪ್ಪಲಿ ಹೋದದ್ದರ ಸುಳಿವು ಎಲ್ಲಿಯೂ ಇಲ್ಲ. ಕಣ್ಣೆದುರೇ ನಡೆದ ಕಳ್ಳತನಕ್ಕೆ ಅವರ ಹತ್ತಿರ ನಾಲ್ಕು ನಿಮಿಷದ ದಾಖಲೆ ಉಂಟು, ಸಾಕ್ಷಿ ಇಲ್ಲ.

ಹಿರಿಯರು ಹತ್ತಿರ ಬಂದು ಪರದೆಯೊಳಗೆ ಇಣುಕಿದರು. ನೋಡಿ, ಕಡಲಿನತ್ತ ತಿರುಗಿ, ಮತ್ತೆ ಪರದೆ ನೋಡಿ ಹೇಳಿದರು, “ಉಂದು ಕಡಲ್ ಅತ್ತ್, ಪೇರ್.” ಇದು ಕಡಲಲ್ಲ, ಹಾಲು. ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಸುಳಿಯುತ್ತದೆ ಎಂದು ನೋಡಿಯೇ ದೋಣಿ ಇಳಿಸುವವರು ಅವರು. ಅದೊಂದನ್ನೇ ಅಳಿಸಿಟ್ಟ ಫೋಟೋದ ಮುಂದೆ ಬೇರೆ ಎಂತ ಹೇಳಬೇಕು? ಬರಹಗಾರನ ಪಕ್ಷವೂ ಅದೇ. ಆದರೂ ಮಾಷ್ಟ್ರ ಕಡೆಯಿಂದ ಒಂದು ಮಾತು ಸೇರಿಸಬೇಕು. 1856-57ರ ಸುಮಾರಿಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಫೋಟೋಗಳಿಂದ ದೊಡ್ಡ ಹೆಸರು ಮಾಡಿದ. ಆಗಿನ ಗಾಜಿನ ಫಲಕಗಳಲ್ಲಿ ಆಕಾಶ ಸರಿಬಂದರೆ ನೀರು ಕಪ್ಪಾಗುತ್ತಿತ್ತು, ನೀರು ಸರಿಬಂದರೆ ಆಕಾಶ ಬಿಳಚುತ್ತಿತ್ತು. ಅವನು ಕೆಲವು ಚಿತ್ರಗಳಿಗೆ ಆಕಾಶವನ್ನು ಒಂದು ಫಲಕದಿಂದ, ಕಡಲನ್ನು ಇನ್ನೊಂದರಿಂದ ತಂದು ಕೂಡಿಸಿಬಿಟ್ಟ. ಅಲೆಯನ್ನೂ ಆಕಾಶವನ್ನೂ ಒಟ್ಟಿಗೆ ಹಿಡಿಯಲಿಕ್ಕೆ ಅವನಿಗೆ ಅಷ್ಟು ಪಾಡು. ಎರಡನ್ನೂ ಹಿಡಿಯಬಲ್ಲ ಕ್ಯಾಮರಾ ಕೈಯಲ್ಲಿದ್ದೂ ಅಲೆ ಅಳಿಸಲಿಕ್ಕೆ ಮಾಷ್ಟ್ರಿಗೆ ಇಷ್ಟು ಪಾಡು.

ಬರಿಗಾಲಿನಲ್ಲಿ ಕಾರು ಬಿಟ್ಟುಕೊಂಡು ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿದರು. ಟ್ರೈಪಾಡಿನ ಕೀಲುಗಳಲ್ಲಿ ಮರಳು ಕರಕರ ಎನ್ನುತ್ತಿತ್ತು. ಬಚ್ಚಲಿನಲ್ಲಿ ಅದಕ್ಕೆ ಸಿಹಿನೀರಿನ ಸ್ನಾನ ಮಾಡಿಸುವಾಗ ಮನೆಯಾಕೆ ಕಾಲು ನೋಡಿದರು. ಮಾಷ್ಟ್ರು ಏನೂ ಹೇಳದೆ ಫೋಟೋ ತೋರಿಸಿದರು. ಕನ್ನಡಕ ಹಾಕಿ ತುಂಬ ಹೊತ್ತು ನೋಡಿ ಅವರು, “ಚಂದ ಬಂದಿದೆ. ಇದು ನಮ್ಮ ಕುತ್ಲೂರಿನ ಕಡೆಯ ಮಂಜು ಅಲ್ವಾ?” ಎಂದರು.

ಹಾಗೆ ಅಂದದ್ದು ಅವರೊಬ್ಬರೇ ಅಲ್ಲ. ದೊಡ್ಡದು ಮಾಡಿಸಿ ಚಾವಡಿಯಲ್ಲಿ ತೂಗಹಾಕಿದ ಮೇಲೆ ಬಂದವರಲ್ಲಿ ಅರ್ಧ ಜನ ಕುದುರೆಮುಖವಾ ಎಂದು ಕೇಳಿದರು. ಗುಡ್ಡದ ಮೇಲೆ ದೀಪಸ್ತಂಭ ಯಾಕಿದೆ ಎಂದು ಯಾರೂ ಕೇಳಲಿಲ್ಲ. ಮೊಬೈಲ್ ಟವರ್ ಎಂದುಕೊಂಡಿರಬೇಕು. ರೋಸಿಹೋದ ಮಾಷ್ಟ್ರು ಡಿಸೆಂಬರಿನ ಒಂದು ಬೆಳಿಗ್ಗೆ, ತೋಟದ ಮೇಲೆ ನಿಜವಾಗಿಯೇ ಮಂಜು ಕೂತಿದ್ದಾಗ, ಅಂಗಳದಲ್ಲಿ ಟ್ರೈಪಾಡು ಊರಿ ಅರ್ಧ ನಿಮಿಷ ತೆರೆದಿಟ್ಟರು. ಅಡಿಕೆ ಮರಗಳ ತಲೆಗಳು ಬಿಳಿಯ ನಡುವೆ ಕರಿಬಂಡೆಗಳ ಹಾಗೆ ಬಂದವು. ಉಡುಪಿಯಲ್ಲಿರುವ ತಂಗಿಯ ಮಗನಿಗೆ ಕಳುಹಿಸಿದರು. ಐದು ನಿಮಿಷದಲ್ಲಿ ಉತ್ತರ: “ಸೂಪರ್ ಮಾವ. ಯಾವ ಬೀಚ್? ಭರತ ಎಷ್ಟು ಗಂಟೆಗಿತ್ತು?”

ಹೊಸ ವರ್ಷದ ಕ್ಯಾಲೆಂಡರಿನಲ್ಲೂ ನವಮಿಗಳಿಗೆ ಕೆಂಪು ವೃತ್ತ ಬಿದ್ದಿದೆ. ಈಗ ಪ್ರತಿ ವೃತ್ತದ ಪಕ್ಕದಲ್ಲಿ ಬೇರೆ ಕೈಬರಹ, ನೀಲಿ ಶಾಯಿ: ‘ಬರುವಾಗ ಬಂಗುಡೆ. ಚಪ್ಪಲಿ ಕಾರಿನಲ್ಲೇ.’