ಬೆವರುವ ಕೋಸು

ತರಕಾರಿಗಳ ಪೈಕಿ ಎಲೆಕೋಸಿಗೆ ನಮ್ಮಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ಬದನೆಕಾಯಿಗೆ ಮಟ್ಟುಗುಳ್ಳ ಎಂಬ ಮನೆತನವಿದೆ, ಚಕ್ಕೋತಕ್ಕೆ ದೇವನಹಳ್ಳಿಯ ವಿಳಾಸವಿದೆ, ರಸಬಾಳೆಗೆ ನಂಜನಗೂಡಿನ ಆಶೀರ್ವಾದವಿದೆ. ಕೋಸು ಮಾತ್ರ ಯಾವ ಊರಿನದೂ ಅಲ್ಲ. ಬೇರೇನೂ ಸಿಗದ ದಿನ ಪಲ್ಯವಾಗುತ್ತದೆ. ತಳ್ಳುಗಾಡಿಯಲ್ಲಿ ಹೂಕೋಸು ದುಬಾರಿಯಾದ ದಿನ ಸದ್ದಿಲ್ಲದೆ ಗೋಬಿ ಮಂಚೂರಿಯೊಳಗೆ ಸೇರಿಕೊಂಡು ಅಣ್ಣನ ಹೆಸರಿನಲ್ಲಿ ಸಹಿ ಹಾಕುತ್ತದೆ.

ಇಂಥ ಕೋಸು ಬರ್ಗರ್ ಅಂಗಡಿಗೆ ಕಾಲಿಟ್ಟದ್ದೇ ತಡ, ಬಿಳಿ ಅಂಗಿ ತೊಟ್ಟು, ಫ್ರಿಜ್ಜಿನಲ್ಲಿ ತಣ್ಣಗಾಗಿ, ಕೋಲ್‌ಸ್ಲಾ ಎಂದು ಕರೆಸಿಕೊಂಡು ಪುಟ್ಟ ಬಟ್ಟಲಲ್ಲಿ ಕೂರುತ್ತದೆ. ಅದರ ಪೂರ್ವಿಕರು ಡಚ್ಚರು. ನ್ಯೂಯಾರ್ಕ್ ಸುತ್ತಮುತ್ತ ನೆಲೆಸಿದ ಡಚ್ ವಲಸಿಗರು ಹಸಿ ಕೋಸನ್ನು ಸಣ್ಣಗೆ ಹೆಚ್ಚಿ ಹುಳಿ ಬೆರೆಸಿ ತಿನ್ನುತ್ತಿದ್ದರು. ಅದಕ್ಕೆ ಮಯೊನೀಸ್‌ನ ಕೆನೆ ಬಂದು ಸೇರಿದ್ದು ಆಮೇಲೆ. ರಿಚರ್ಡ್ ಹೆಲ್‌ಮನ್ ಎಂಬ ಜರ್ಮನ್ ವಲಸಿಗ 1905ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ತಿನಿಸಿನಂಗಡಿ ತೆರೆದು, ಮುಂದೆ ಮಯೊನೀಸನ್ನು ಸೀಸೆಯಲ್ಲಿ ತುಂಬಿ ಮಾರತೊಡಗಿದ. ಸೀಸೆ ಮನೆಮನೆ ಹೊಕ್ಕಮೇಲೆ ಕೋಸು ಬಿಳಿಯಾಯಿತು. ಹಾಗೆಂದು ಅಮೆರಿಕದವರೆಲ್ಲ ಬಿಳಿ ಕೋಸಿನ ಭಕ್ತರೇನಲ್ಲ. ನಾರ್ತ್ ಕ್ಯಾರೊಲೈನಾದ ಲೆಕ್ಸಿಂಗ್ಟನ್ ಊರಿನವರು ಕೆಚಪ್ಪು, ವಿನೆಗರ್ ಹಾಕಿ ಕೆಂಪು ಸ್ಲಾ ಮಾಡುತ್ತಾರೆ. ಅದಕ್ಕೆ ಮಯೊನೀಸ್ ಸೋಕಿಸಬೇಕೆಂದರೆ ಜಗಳಕ್ಕೇ ಬಂದಾರು.

ಕೋಳಿಯ ಪಕ್ಕ ಕೋಲ್‌ಸ್ಲಾ ಬಟ್ಟಲಿಡುವ ಕೆಎಫ್‌ಸಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಬಾಗಿಲು ತೆರೆದದ್ದು 1995ರಲ್ಲಿ. ಮರುವರ್ಷ ಜನವರಿ 30ರಂದು ರೈತಸಂಘದವರು ನುಗ್ಗಿ ಗಾಜು ಪುಡಿಮಾಡಿದರು. ದೇಶವೆಲ್ಲ ಸುದ್ದಿಯಾಯಿತು. ವಾದವೆಲ್ಲ ಕೋಳಿಯದು, ಬಹುರಾಷ್ಟ್ರೀಯ ಬಂಡವಾಳದ್ದು. ಕೋಸಿನ ಪರ ಜೈಕಾರವಾಗಲಿ ವಿರುದ್ಧ ಧಿಕ್ಕಾರವಾಗಲಿ ಯಾರ ಬಾಯಲ್ಲೂ ಬಂದಂತಿಲ್ಲ. ಪಕ್ಕವಾದ್ಯದವರ ಪಾಡು ಎಲ್ಲ ಕಡೆಯೂ ಇಷ್ಟೇ.

ಅಂಗಡಿಯಲ್ಲಿ ತಿಂದವರು ಮನೆಯಲ್ಲಿ ಮಾಡಹೊರಟಾಗ ಶುರುವಾಗುತ್ತದೆ ನಿಜವಾದ ಫಜೀತಿ. ಕೋಸು ಹೆಚ್ಚುವುದು, ಬಿಳಿಯದನ್ನು ಸುರಿಯುವುದು, ಕಲಸುವುದು, ಇದರಲ್ಲೇನಿದೆ ಮಹಾ? ಅರ್ಧ ಗಂಟೆ ಬಿಟ್ಟು ಪಾತ್ರೆ ತೆರೆದರೆ ತಳದಲ್ಲಿ ನೀರು ಮಜ್ಜಿಗೆಯಂತೆ ನಿಂತಿರುತ್ತದೆ, ಮೇಲೆ ಕೋಸು ತೇಲುತ್ತಿರುತ್ತದೆ. ಬೈಸಿಕೊಳ್ಳುವುದು ಪಾಪ ಮಯೊನೀಸ್. ‘ಬ್ರ್ಯಾಂಡ್ ಸರಿಯಿಲ್ಲ’ ಎಂದು ಮುಂದಿನ ವಾರ ಇನ್ನಷ್ಟು ದುಬಾರಿ ಸೀಸೆ ಬರುತ್ತದೆ. ಕೋಸು ಅದನ್ನೂ ನೀರು ಮಾಡುತ್ತದೆ.

ಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ. ಉಪ್ಪು ತಾಗಿದೊಡನೆ ಜೀವಕೋಶಗಳೊಳಗಿನ ನೀರು ಹೊರಗೆ ಬರುತ್ತದೆ. ಇದು ನಮ್ಮ ಮದುವೆಮನೆಯ ಅಡುಗೆಭಟ್ಟರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಕೋಸಂಬರಿಗೆ ಉಪ್ಪು ಬೀಳುವುದು ಎಲೆ ಹಾಕಿದ ಮೇಲೆ. ಕೋಲ್‌ಸ್ಲಾದ ದಾರಿ ಇದಕ್ಕೆ ತಿರುವುಮುರುವು. ಉಪ್ಪು ಮೊದಲೇ ಹಾಕಿ, ಬೆವರುವಷ್ಟು ಬೆವರಲು ಬಿಟ್ಟು, ಹಿಂಡಿ ಹಾಕುವುದು.

ಈ ಎರಡು ಪಂಥಗಳು ಒಂದೇ ಅಡುಗೆಮನೆಯಲ್ಲಿ ಎದುರಾದರೆ ಹೇಗಿರುತ್ತದೆ? ಸೊಸೆ ಹೆಚ್ಚಿದ ಕೋಸಿನ ಮೇಲೆ ಒಂದು ಚಮಚ ಉಪ್ಪು ಉದುರಿಸುತ್ತಾಳೆ.

“ಈಗಲೇ ಉಪ್ಪು ಹಾಕ್ತಾರೇನೇ? ಬಡಿಸೋ ಹೊತ್ತಿಗಲ್ವಾ?”

“ಇದು ಹಿಂಡೋದಕ್ಕೆ ಅತ್ತೆ.”

“ಹಿಂಡಿದ ಮೇಲೆ ಉಳಿಯೋದೇನು?”

ಉಳಿಯುವುದೇ ಸ್ವಾರಸ್ಯ. ಅರ್ಧ ಕಿಲೋ ಕೋಸನ್ನು ಈಳಿಗೆಮಣೆಯಲ್ಲಿ ಎಳೆ ಎಳೆಯಾಗಿ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ಅದು ಸಲಾಡ್ ಅಲ್ಲ, ಚಟ್ನಿ. ಉಪ್ಪು ಬೆರೆಸಿ ಜರಡಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ಒಂದಿಷ್ಟು ತಣ್ಣೀರಲ್ಲಿ ಜಾಲಿಸಿ, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ತಿಳಿಹಸಿರು ನೀರು ಇಳಿಯುತ್ತದೆ. ಎಳೆ ಬಗ್ಗುತ್ತದೆ, ಆದರೆ ಹಲ್ಲಿಗೆ ಸಿಕ್ಕಾಗ ಕರುಕ್ಕೆನ್ನುತ್ತದೆ. ಒಂದು ಗಜ್ಜರಿ ತುರಿದು ಸೇರಿಸುವುದು ಬಣ್ಣಕ್ಕೆ.

ಇನ್ನು ಕೆನೆ. ಮಯೊನೀಸ್ ಎಂದರೆ ಮೊಟ್ಟೆಯ ಹಳದಿಯಲ್ಲಿ ಎಣ್ಣೆಯನ್ನು ಹನಿಹನಿಯಾಗಿ ಕದಡಿ ಹಿಡಿದಿಟ್ಟದ್ದು. ಅಮೆರಿಕದ ಕಾನೂನಿನಂತೆ ತೂಕದಲ್ಲಿ ನೂರಕ್ಕೆ 65 ಭಾಗವಾದರೂ ಎಣ್ಣೆ ಇರದಿದ್ದರೆ ಅದನ್ನು ಮಯೊನೀಸ್ ಎನ್ನುವಂತಿಲ್ಲ. ಹಸಿ ಮೊಟ್ಟೆ ನಮ್ಮ ಸೆಕೆಗೆ ಒಗ್ಗುವ ಪದಾರ್ಥವಲ್ಲ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೊನೀಸಿಗೆ ನಿಷೇಧ ಹೇರಿದವು. ಹಸಿರು ಚುಕ್ಕೆಯ ಸೀಸೆಯಲ್ಲಿ ಮೊಟ್ಟೆ ಇರುವುದಿಲ್ಲ, ನಿಜ. ಎಣ್ಣೆ ಮಾತ್ರ ಧಾರಾಳ. ಹೀಗಾಗಿ ಗಟ್ಟಿ ಮೊಸರೇ ಮೇಲು. ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರು ಅರ್ಧ ಬಟ್ಟಲು, ಮಯೊನೀಸ್ ಎರಡು ಚಮಚ, ಸಕ್ಕರೆ ಒಂದು ಚಮಚ, ನಿಂಬೆರಸ, ಕಾಳುಮೆಣಸಿನ ಪುಡಿ, ಚಿಟಿಕೆ ಸಾಸಿವೆ ಪುಡಿ. ಸಾಸಿವೆ ಬಿಡಬಾರದು. ಕೋಸೂ ಸಾಸಿವೆಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬ. ಹಸಿ ಕೋಸು ಹೆಚ್ಚುವಾಗ ಮೂಗಿಗೆ ಬರುವ ಸಣ್ಣ ಘಾಟು ಸಾಸಿವೆಯ ಘಾಟಿನ ನೆಂಟನೇ.

ಅತ್ತೆ ರುಚಿ ನೋಡುತ್ತಾರೆ. “ಮೊಸರು, ಸಾಸಿವೆ, ಹಸಿ ತರಕಾರಿ. ಸೌತೆಕಾಯಿ ಸಾಸಿವೆಗೂ ಇದಕ್ಕೂ ಏನೇ ವ್ಯತ್ಯಾಸ? ತೆಂಗಿನಕಾಯಿ ಒಂದನ್ನ ಬಿಟ್ಟಿದೀಯ.”

ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಮರುದಿನಕ್ಕೆ ಉಳಿದರೆ ಎಷ್ಟು ಹಿಂಡಿದ್ದರೂ ಕೋಸು ಮತ್ತೆ ಸ್ವಲ್ಪ ಬೆವರುತ್ತದೆ. ಆಗ ಅತ್ತೆ ಅದಕ್ಕೆ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿಸಿ ರೊಟ್ಟಿ ತಟ್ಟುತ್ತಾರೆ. ಮಕ್ಕಳು ಎರಡೆರಡು ತಿಂದು, “ಅಮ್ಮಾ, ಮುಂದಿನ ಸಲ ಸಲಾಡ್ ಜಾಸ್ತಿ ಮಾಡು, ಉಳೀಲಿ” ಎನ್ನುತ್ತವೆ.