ಫ್ರೀಜರಿನಲ್ಲಿ ಅವರೆ

ನಮ್ಮ ಮನೆಯ ಫ್ರೀಜರಿನೊಳಗೆ ಒಂದು ಗಡಿ ಇದೆ. ಎಡಗಡೆ ಕುಂದಾಪುರ, ಬಲಗಡೆ ಚಿಕ್ಕಬಳ್ಳಾಪುರ. ಎಡಗಡೆ ಬಂಗುಡೆ, ಸಿಗಡಿ, ತೆಂಗಿನ ತುರಿ, ಬಲಗಡೆ ಅವರೆಕಾಳು. ನ್ಯೂಜೆರ್ಸಿಯ ಎಡಿಸನ್ನಿಗೆ ಬಂದು ಹದಿನಾಲ್ಕು ವರ್ಷವಾಯಿತು. ಮನೆ ಸಾಲ, ಮಗಳ ಸ್ಕೂಲು, ಯಾವ ಮದುವೆಗೆ ಊರಿಗೆ ಹೋಗಬೇಕು, ಯಾವುದಕ್ಕೆ ಹುಷಾರಿಲ್ಲ ಅನ್ನಬೇಕು, ಎಲ್ಲದರಲ್ಲೂ ಗಂಡಹೆಂಡಿರದು ಒಂದೇ ಮಾತು. ಫ್ರೀಜರಿನ ಬಾಗಿಲು ತೆಗೆದಾಗ ಮಾತ್ರ ಇಬ್ಬರೂ ಪಹಣಿ ಹಿಡಿದು ನಿಂತ ದಾಯಾದಿಗಳಾಗುತ್ತೇವೆ. "ರೀ, ನಿಮ್ಮ ಅವರೆ ನಾಲ್ಕು ಬೆರಳು ಈಚೆ ಬಂದಿದೆ" ಎಂದು ಅವಳು. "ನಿನ್ನ ಬಂಗುಡೆ ಬಾಲ ನನ್ನ ಜಾಗದಲ್ಲಿದೆ" ಎಂದು ನಾನು.

ನಾನು ಕಳವಾರದವನು. ಹೊರಗಿನವರು ಸ್ಕಂದಗಿರಿ ಅನ್ನುವುದು ನಮಗೆ ಕಳವಾರ ಬೆಟ್ಟ. ಬೆಂಗಳೂರಿನ ಹುಡುಗ ಹುಡುಗಿಯರು ನಡುರಾತ್ರಿ ಎದ್ದು ಬಂದು, ಟಾರ್ಚ್ ಹಿಡಿದು ಬೆಟ್ಟ ಹತ್ತಿ, ಕಾಲ ಕೆಳಗಿನ ಮೋಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಮೋಡದ ಕೆಳಗೆ ಕಂಬಳಿ ಹೊದ್ದು ಮಲಗಿದ್ದವರು ನಾವು. ಆ ಮಂಜೇ ನಮ್ಮ ಅವರೆಗಿಡದ ಮೇಲೂ ಇಳಿಯುತ್ತಿತ್ತು. ಮಂಜು ಬಿದ್ದರೇ ಅವರೆಗೆ ಸೊಗಡು ಎಂದು ನಮ್ಮ ಕಡೆಯ ಮಾತು. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯ ಹಾಗೆ ಒಸರುವ ಅಂಟು, ಅದರ ಘಮಲು, ಅದೇ ಸೊಗಡು. ಸಂತೆಯಲ್ಲಿ ಅವರೆಕಾಯಿ ಕೊಳ್ಳಲು ಬಂದವರು ಮೊದಲು ಬೆಲೆ ಕೇಳುವುದಿಲ್ಲ. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಾರೆ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕಿದ ಅವರೆ ಡಿಸೆಂಬರ್ ಜನವರಿಯಲ್ಲಿ ನಮ್ಮ ಮೇಲೆ ದಂಡೆತ್ತಿ ಬರುತ್ತಿತ್ತು. ಬೆಳಗ್ಗೆ ಅವರೆಕಾಳು ಉಪ್ಪಿಟ್ಟು. ಮಧ್ಯಾಹ್ನ ಮುದ್ದೆಗೆ ಅವರೆಕಾಳು ಸಾರು. ಸಂಜೆ ಹುರಿದ ಅವರೆ. ರಾತ್ರಿ ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ. ತಪ್ಪಿಸಿಕೊಳ್ಳೋಣವೆಂದು ಗೌರಿಬಿದನೂರಿನ ನೆಂಟರ ಮನೆಗೆ ಹೋದರೆ ಅಲ್ಲೂ ಅದೇ. ಚಿಂತಾಮಣಿಯ ಕಡೆ ತೆಲುಗು ಮಾತಾಡುವ ಗೆಳೆಯನ ಮನೆಯಲ್ಲಿ 'ಪಿತಿಕಿನ ಪಪ್ಪು' ಅಂದರು. ಹೆಸರು ಕೇಳಿ ಆಸೆಯಿಂದ ಕೂತೆ, ಬಡಿಸಿದರೆ ನಮ್ಮದೇ ಹಿದುಕಿದ ಬೇಳೆ. ಒಂದು ದಿನ ತಡೆಯಲಾರದೆ ತಟ್ಟೆ ತಳ್ಳಿದೆ. "ಇವತ್ತೂ ಅವರೆಕಾಳೇನಾ?" ಅಮ್ಮ ಬಗ್ಗಿ ತಟ್ಟೆ ನೋಡಿ ಹೇಳಿದಳು: "ಅವರೆಕಾಳೆಲ್ಲಿ ಬಂತೋ? ಇದು ಅವರೆಬೇಳೆ."

ಕಾಳಿಗೂ ಬೇಳೆಗೂ ನಡುವೆ ಒಂದು ರಾತ್ರಿಯ ದುಡಿಮೆ ಇದೆ. ಕಾಯಿ ಬಿಡಿಸಿ, ಕಾಳನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಉಬ್ಬಿದ ಮೇಲೆ ಮನೆಮಂದಿಯೆಲ್ಲ ಪಾತ್ರೆಯ ಸುತ್ತ ಕೂರಬೇಕು. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಕೊನೆಯಲ್ಲಿ ಒತ್ತಿದರೆ ಬೇಳೆ ಪಿಚಕ್ಕನೆ ಹಾರುತ್ತದೆ. ಪಾತ್ರೆಗೆ ಬೀಳಬೇಕಾದ್ದು ಅಕ್ಕನ ಕೆನ್ನೆಗೂ ತಾತನ ಕನ್ನಡಕಕ್ಕೂ ಬೀಳುತ್ತಿತ್ತು. ತಾತನ ಕನ್ನಡಕಕ್ಕೆ ಬಿದ್ದದ್ದು ಕೈತಪ್ಪಿ, ಅಕ್ಕನ ಕೆನ್ನೆಗೆ ಬಿದ್ದದ್ದು ಗುರಿಯಿಟ್ಟು. ಹತ್ತು ಗಂಟೆಯ ಹೊತ್ತಿಗೆ ಬೆರಳ ತುದಿ ನೀರುಂಡು ಸುಕ್ಕಾಗಿ, ಉಗುರ ಸಂದಿಯಲ್ಲಿ ಸೊಗಡು ಕೂತು, ಮಾರನೆಯ ದಿನ ಸ್ಕೂಲಿನಲ್ಲಿ ಕೈ ಎತ್ತಿದವರೆಲ್ಲರ ಕೈಯೂ ಒಂದೇ ವಾಸನೆ. ಯಾವಾಗ ಮುಗಿಯುತ್ತದೋ ಈ ಅವರೆಕಾಯಿ ಕಾಲ ಎಂದು ನಾನು ಕಾಯುತ್ತಿದ್ದೆ. ಅಂಥವನು ಇವತ್ತು ಫ್ರೀಜರಿಗೆ ಕಾವಲು ಕೂತಿದ್ದೇನೆ.

ಹೆಂಡತಿ ಮದುವೆಯ ಮೊದಲ ಸಂಕ್ರಾಂತಿಗೆ ಕಳವಾರಕ್ಕೆ ಬಂದಾಗ ಹೊಸ್ತಿಲಲ್ಲೇ ಮೂಗು ಮುಚ್ಚಿದ್ದಳು. "ಎಂತದು ಮಾರಾಯ್ರೆ, ಮನೆಯೆಲ್ಲ ಒಂದು ನಮೂನಿ ವಾಸನೆ?" ಬಂಗುಡೆ ಹುರಿಯುವ ಮನೆಯಲ್ಲಿ ಬೆಳೆದವಳು ವಾಸನೆಯ ಮಾತಾಡುತ್ತಾಳಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಮದುವೆಯಾಗಿ ಎರಡೇ ತಿಂಗಳು, ನುಂಗಿಕೊಂಡೆ.

ಇಲ್ಲಿ ನಮ್ಮ ಅವರೆಗೆ ನಮ್ಮ ಹೆಸರಿಲ್ಲ. ಓಕ್ ಟ್ರೀ ರೋಡಿನ ಅಂಗಡಿಗಳ ಫ್ರೀಜರಿನಲ್ಲಿ ಅದು 'ಸೂರ್ತಿ ಪಾಪಡಿ ಲಿಲ್ವಾ' ಎಂಬ ಗುಜರಾತಿ ಹೆಸರಿಟ್ಟುಕೊಂಡು, 340 ಗ್ರಾಮಿನ ಪ್ಯಾಕೆಟ್ಟಿನಲ್ಲಿ, ವೇಷ ಮರೆಸಿದ ಪಾಂಡವರ ಹಾಗೆ ಮಲಗಿರುತ್ತದೆ. ಮೊದಲ ಎರಡು ವರ್ಷ ಅದರ ಮುಂದೆಯೇ ಓಡಾಡಿ ಅವರೆಕಾಳು ಸಿಗುವುದಿಲ್ಲವೆಂದು ಕೊರಗಿದ್ದೇನೆ. ಗುರುತು ಸಿಕ್ಕ ಮೇಲೆ ಇನ್ನೊಂದು ಕಷ್ಟ. ನಮಗೆ ಸಂಕ್ರಾಂತಿಯಾದ ದಿನವೇ ಗುಜರಾತಿಗಳಿಗೆ ಉತ್ತರಾಯಣ. ಅವರಿಗೆ ಅವತ್ತು ಊಂಧಿಯು ಆಗಲೇಬೇಕು, ಅದಕ್ಕೆ ಪಾಪಡಿ ಬೇಕೇಬೇಕು. ಕಳೆದ ಜನವರಿಯಲ್ಲಿ ನಾನು ಹೋದಾಗ ಉಳಿದಿದ್ದದ್ದು ಎಂಟೇ ಪ್ಯಾಕೆಟ್. ನನ್ನ ಕೈ ಮೇಲಿನ ನಾಲ್ಕರ ಮೇಲೆ, ಒಬ್ಬ ಗುಜರಾತಿ ಅಜ್ಜಿಯ ಕೈ ಕೆಳಗಿನ ನಾಲ್ಕರ ಮೇಲೆ.

"ನೀವು ಇದರಲ್ಲಿ ಏನು ಮಾಡುತ್ತೀರಿ?" ಹಿಂದಿಯಲ್ಲಿ ಕೇಳಿದರು. ನೆನೆಹಾಕಿ, ಒಂದೊಂದೇ ಕಾಳಿನ ಸಿಪ್ಪೆ ಹಿದುಕಿ ತೆಗೆದು ಸಾರು ಮಾಡುತ್ತೇವೆ ಅಂದೆ.

"ಒಂದೊಂದೇ?"

"ಒಂದೊಂದೇ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾನೆ ಪಾಪ ಅನ್ನಿಸಿರಬೇಕು. ತಮ್ಮ ಬುಟ್ಟಿಯಿಂದ ಎರಡು ಪ್ಯಾಕೆಟ್ ತೆಗೆದು ನನ್ನ ಬುಟ್ಟಿಗೆ ಹಾಕಿದರು. ಹೀಗೆ ಆರಾಯಿತು. ಸಂಕ್ರಾಂತಿಗೆ ಎರಡು ಖರ್ಚು. ಉಳಿದ ನಾಲ್ಕನ್ನು ಬಟಾಣಿ ಚೀಲದ ಹಿಂದೆ ಅಡಗಿಸಿದೆ. ಮನೆಗೆ ಬಂದ ಕನ್ನಡದವರು ಐಸ್ ಬೇಕೆಂದರೆ ಫ್ರೀಜರಿನ ಬಾಗಿಲು ತೆಗೆಯಲು ನಾನೇ ಏಳುತ್ತೇನೆ.

ಬೆಳೆದುಕೊಳ್ಳಲಿಕ್ಕೂ ನೋಡಿದ್ದೇನೆ. ಅಂಗಡಿಯ ಒಣ ಅವರೆಯನ್ನು ಮೇ ತಿಂಗಳಲ್ಲಿ ಹಿತ್ತಲಲ್ಲಿ ಊರಿದೆ. ಬಳ್ಳಿ ಬೇಲಿ ಹತ್ತಿತು, ಗ್ಯಾರೇಜು ಹತ್ತಿತು, ಹೂ ಮಾತ್ರ ಇಲ್ಲ. ನಾಟಿ ಅವರೆ ಹಗಲು ಮೋಟಾದರೇ ಹೂ ಬಿಡುವ ಜಾತಿ. ಇಲ್ಲಿಯ ಜೂನ್ ತಿಂಗಳಲ್ಲಿ ಹಗಲೇ 15 ಗಂಟೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಮಾಡಿದ್ದಾರೆ. ನನ್ನ ಬಳ್ಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಹೂ ಬಂತು. ಇಲ್ಲಿಯವರು ಅವರೆಯ ಜಾತಿಯ ಬಳ್ಳಿಯನ್ನು ನೇರಳೆ ಹೂವಿನ ಅಂದಕ್ಕೆ ಬೇಲಿಗೆ ಹಬ್ಬಿಸುತ್ತಾರೆ. ಪಕ್ಕದ ಮನೆಯಾಕೆ ನನ್ನ ತೋಟಗಾರಿಕೆಯನ್ನು ಬಾಯ್ತುಂಬ ಹೊಗಳಿದರು. ಸಾರಿಗೆ ಹಾಕುವುದೆಂದು ಹೇಳಲು ಬಾಯಿ ಬರಲಿಲ್ಲ. ಪಿಂದೆ ಕಾಣಿಸಿದ ವಾರಕ್ಕೇ ಒಂದು ರಾತ್ರಿ ಹಿಮ ಕೂತು ಬಳ್ಳಿ ಬೆಳಗಾಗುವುದರಲ್ಲಿ ಕರಕಲಾಯಿತು. ಊರಲ್ಲಿ ಸೊಗಡು ತರುವ ಮಂಜು ಇಲ್ಲಿ ಗಿಡವನ್ನೇ ಕೊಂಡೊಯ್ದಿತು.

ಫೆಬ್ರವರಿ ಕೊನೆಯಲ್ಲಿ ಸಿಡ್ಲಘಟ್ಟದಿಂದ ಅಪ್ಪನ ತಂಗಿ, ನಮ್ಮತ್ತೆ, ಬಂದರು. ಡಲ್ಲಾಸಿನಲ್ಲಿರುವ ಮಗನ ಮನೆಗೆ ಹೊರಟವರು ನಮ್ಮಲ್ಲಿ ನಾಲ್ಕು ದಿನ ಇಳಿದರು. 2007ರಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದರೂ ಅತ್ತೆಗೆ ಇವತ್ತಿಗೂ ತಮ್ಮದು ಕೋಲಾರ ಜಿಲ್ಲೆ. ರೇಷ್ಮೆ ಹುಳ ಸಾಕಿ ಮೂರು ಮಕ್ಕಳನ್ನು ಓದಿಸಿದವರು. ಅಂಥವರಿಗೆ ಎಂಥ ಊಟ ಹಾಕಬೇಕು? ನಾಲ್ಕರಲ್ಲಿ ಎರಡು ಪ್ಯಾಕೆಟ್ ಹೊರಗೆ ತೆಗೆದೆ. ರಾತ್ರಿ ನಾನೂ ಮಗಳೂ ಹಿದುಕಲು ಕೂತೆವು. "ಅಪ್ಪಾ, ಸಿಪ್ಪೆ ತೆಗೆದದ್ದೇ ಸಿಗಲ್ವಾ?" ಅಂದಳು. ನಾನು ಗುರಿಯಿಟ್ಟು ಒಂದು ಬೇಳೆ ಅವಳ ಕೆನ್ನೆಗೆ ಹಾರಿಸಿದೆ. ಅವಳು ಒರೆಸಿಕೊಂಡು, "ಇದು ಹೈಜೀನಿಕ್ ಅಲ್ಲ" ಅಂದಳು.

ಕುದಿಯುವ ಸಾರಿನ ಮುಂದೆ ನಿಂತು ಹೆಂಡತಿಯನ್ನು ಕರೆದೆ. "ಸೊಗಡು ಬರ್ತಿದೆ ಅಲ್ವೇನೇ?"

"ನಂಗೆ ಧನಿಯಾಪುಡಿ ಬಿಟ್ಟು ಎಂತದೂ ಬರ್ತಿಲ್ಲ."

ಮುದ್ದೆ ಕಟ್ಟಿ, ಮೇಲೆ ತುಪ್ಪ ಬಿಟ್ಟು, ಬೇಳೆಯನ್ನೆಲ್ಲ ಅತ್ತೆಯ ಬಟ್ಟಲಿಗೇ ಬರುವ ಹಾಗೆ ಸೌಟನ್ನು ತಳದಿಂದ ಎತ್ತಿ ಬಡಿಸಿದೆ. ಅತ್ತೆ ಬಟ್ಟಲು ನೋಡಿದರು. ನನ್ನ ಮುಖ ನೋಡಿದರು.

"ಅಯ್ಯೋ ಮಗ, ಇದನ್ಯಾಕೋ ಮಾಡಕ್ಕೋದೆ? ಮೂರು ತಿಂಗಳಿಂದ ಇದ್ನೇ ತಿಂದು ತಿಂದು ನಾಲಿಗೆ ಸತ್ತೋಗದೆ. ನಿಮ್ಮೂರಾಗೆ ಪಿಜ್ಜಾ ಬಲು ಚೆನ್ನಾಗಿರ್ತದಂತಲ್ಲ?"

ಮಗಳು ಆಗಲೇ ಫೋನ್ ತೆಗೆದಿದ್ದಳು. ಬಂದ ಪಿಜ್ಜಾವನ್ನು ಅತ್ತೆ ತಿಂದ ಪರಿ ಏನು ಹೇಳಲಿ! ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದ ರೇಷ್ಮೆ ಹುಳ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿದ ಹಾಗೆ, ತಲೆ ಎತ್ತದೆ, ಅಂಚಿನಿಂದ ಶುರುಮಾಡಿ. ಆಮೇಲೆ ಹಣ್ಣಾದ ಹುಳ ಗೂಡು ಕಟ್ಟಲು ಚಂದ್ರಂಕಿ ಹತ್ತುವಂತೆ ಸೋಫಾ ಹತ್ತಿ ಮಲಗಿದರು. ನಾನು ಅಡುಗೆಮನೆಯಲ್ಲಿ ಒಬ್ಬನೇ ಕೂತು ಎರಡು ಮುದ್ದೆ ಇಳಿಸಿದೆ. ಮಗ್ಗುಲಲ್ಲಿ ಹೆಂಡತಿ ಬಂದು ಕೂತಳು. ಸುಮ್ಮನೆ ಒಂದು ಸೌಟು ಹಾಕಿಕೊಂಡಳು, ಆಮೇಲೆ ಇನ್ನೊಂದು. "ವಾಸನೆ ಇಲ್ದಿದ್ರೆ ಅಡ್ಡಿಲ್ಲ" ಅಂದಳು.

ಹೊರಡುವ ದಿನ ಅತ್ತೆ ಫ್ರೀಜರಿನಲ್ಲಿ ಕೈಯಾಡಿಸಿದರು. ಬಟಾಣಿಯ ಹಿಂದೆ ಅಡಗಿಸಿಟ್ಟದ್ದು ಹುಳುವಿನ ಮನೆಯಲ್ಲಿ ಕಣ್ಣು ಪಳಗಿದವರಿಗೆ ಕಾಣದೆ ಇರುತ್ತದೆಯೇ? "ಇನ್ನೆರಡು ಅವೆ ಅಲ್ವೇನೋ. ಪಾಪ, ನಮ್ಮುಡುಗ ಅವರೆಕಾಳು ಅವರೆಕಾಳು ಅಂತ ಸಾಯ್ತಾ ಇರ್ತಾನೆ, ಅವನೂರಾಗೆ ಸಿಗಲ್ವಂತೆ." ಎರಡನ್ನೂ ಪೇಪರಿನಲ್ಲಿ ಸುತ್ತಿ, ಟವೆಲಿನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಕೂಸಿನ ಹಾಗೆ ಮಲಗಿಸಿದರು. ನಾನೇ ಜಿಪ್ ಎಳೆದುಕೊಟ್ಟೆ.

ನೆವಾರ್ಕ್ ವಿಮಾನ ನಿಲ್ದಾಣದಿಂದ ಹಿಂದಿರುಗಿ ಫ್ರೀಜರಿನ ಬಾಗಿಲು ತೆಗೆದೆ. ಬಲಗಡೆ, ಬಟಾಣಿ ಚೀಲದ ಹಿಂದೆ, ಸಾಲಾಗಿ ಮೂರು ಪ್ಯಾಕೆಟ್ ಬಂಗುಡೆ ಮಲಗಿದ್ದವು.

"ಖಾಲಿ ಬಿದ್ದಿತ್ತು, ಇಟ್ಟೆ" ಅಂದಳು ಹೆಂಡತಿ. ಡಿಸೆಂಬರಿಗೆ ಇನ್ನೂ ಒಂಬತ್ತು ತಿಂಗಳು.